ತಿಕೋಟಾದ ದ್ರಾಕ್ಷಿ, ಅಕ್ಕನ ಜಮಾ-ಖರ್ಚು



ಮಾರ್ಚ್ ತಿಂಗಳ ಬಿಸಿಲಿನಲ್ಲಿ ಬಿಜಾಪುರಕ್ಕೆ ಬನ್ನಿ ಎಂದು ಯಾರೂ ಯಾರನ್ನೂ ಕರೆಯುವುದಿಲ್ಲ. 2014ರ ನವೆಂಬರ್ 1ರಿಂದ ನಮ್ಮೂರ ಹೆಸರು ವಿಜಯಪುರ ಎಂದಾಗಿದೆ. ಹಳಬರ ಬಾಯಲ್ಲಿ ಮಾತ್ರ ಇನ್ನೂ ಬಿಜಾಪುರವೇ. ಹೆಸರು ಯಾವುದಾದರೇನು, ಬಿಸಿಲು ಅದೇ! ಬೆಳಿಗ್ಗೆ ಮಾಳಿಗೆಯ ಮೇಲೆ ಹಾಕಿದ ಶಂಡಿಗೆ ಸಂಜೆಗೆ ಮುರಿದರೆ ಚಟ್ ಅನ್ನುತ್ತದೆ. ಅಂಥ ಬಿಸಿಲಿನಲ್ಲೇ ನಿಮ್ಮನ್ನು ನನ್ನ ಜೊತೆ ಎರಡು ದಿನದ ಮಟ್ಟಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ನಮ್ಮೂರಿನಿಂದ ಬಬಲೇಶ್ವರ, ಅಲ್ಲಿಂದ ತಿಕೋಟಾ, ಮತ್ತೆ ಮನೆ. ದೂರವೇನೂ ಇಲ್ಲ. ಆದರೆ ಆ ದಾರಿ ತುಳಿಯುವುದಕ್ಕೆ ನನಗೆ ಸುಮಾರು ಮೂರು ವರ್ಷ ಬೇಕಾಯಿತು.

ಯಾಕೆಂದು ಹೇಳುತ್ತೇನೆ, ಕೇಳಿ.

ನನಗೊಬ್ಬಳು ಅಕ್ಕ ಇದ್ದಳು. ಬಬಲೇಶ್ವರದಲ್ಲಿ ಮನೆ, ಭಾವ ಶಾಲಾ ಮಾಸ್ತರರಾಗಿದ್ದು ನಿವೃತ್ತರಾದವರು. ನಮ್ಮದು ಕ್ರೈಸ್ತ ಮನೆತನ. ನಮ್ಮ ಅಜ್ಜಿಯ ತವರು ಗುಳೇದಗುಡ್ಡ. ಅಲ್ಲಿ ಬಾಸೆಲ್ ಮಿಷನ್ನಿನವರು 1851ರಲ್ಲೇ ಬಂದು ನೆಲೆಸಿದ್ದರು. ಮಗ್ಗದ ಸದ್ದಿನ ನಡುವೆ ಹಾಡು ಕಲಿತ ಅಜ್ಜಿ ಅವ್ವನಿಗೆ ಕಲಿಸಿದಳು, ಅವ್ವ ನಮ್ಮಿಬ್ಬರಿಗೂ ಕಲಿಸಿದಳು. ಆ ಹಾಡುಗಳಲ್ಲಿ ಕೆಲವಕ್ಕೆ ಜರ್ಮನಿಯ ಧಾಟಿ, ಕೆಲವಕ್ಕೆ ನಮ್ಮದೇ ನಾಡಿನ ರಾಗ. ಕನ್ನಡ ನಿಘಂಟನ್ನು 1894ರಲ್ಲಿ ಹೊರತಂದ ಕಿಟ್ಟೆಲ್ ಸಾಹೇಬರ ಹೆಸರು ನೀವು ಕೇಳಿರುತ್ತೀರಿ. ಅವರು ಅದಕ್ಕೂ ಮೊದಲು, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ನಮ್ಮ ಪದ್ಯದ ಕಟ್ಟಿನಲ್ಲಿ ‘ಕಥಾಮಾಲೆ’ ಎಂದು ಬರೆದಿದ್ದರು. ನಮ್ಮ ಮನೆಯಲ್ಲಿ ಹಾಡಿಲ್ಲದೆ ಒಲೆ ಹೊತ್ತುತ್ತಿರಲಿಲ್ಲ ಎಂದರೂ ಸರಿ.

ಅಕ್ಕನ ದನಿ ಅಂದರೆ ದನಿ! ಸಣ್ಣವರಿದ್ದಾಗ ಒಮ್ಮೆ ಇಬ್ಬರೂ ಗೋಳಗುಮ್ಮಟ ಹತ್ತಿದ್ದೆವು. ನೀವು ನೋಡಿದ್ದರೆ ಗೊತ್ತು. ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಹತ್ತಿ ಕಾಲು ಸೋತ ಮೇಲೆ, ಗುಮ್ಮಟದ ಒಳಗೆ ಸುತ್ತಲೂ ಇರುವ ಪಿಸುಗುಟ್ಟುವ ಗ್ಯಾಲರಿ ಸಿಗುತ್ತದೆ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಗೋರಿಯ ಮೇಲೆ ಕಂಬವೇ ಇಲ್ಲದೆ ನಿಂತ ಆ ಗುಮ್ಮಟದಲ್ಲಿ ಈ ಬದಿ ಪಿಸುಗುಟ್ಟಿದ್ದು ಆ ಬದಿಗೆ ಕೇಳುತ್ತದೆ; ಕೂಗಿದ್ದು ಮತ್ತೆ ಮತ್ತೆ ತಿರುಗಿ ಬರುತ್ತದೆ. ಎಲ್ಲ ಹುಡುಗರೂ ತಮ್ಮ ತಮ್ಮ ಹೆಸರು ಕೂಗುತ್ತಿದ್ದರೆ ಅಕ್ಕ ಹಾಡಿನ ಒಂದು ಸಾಲು ಎಳೆದಳು. ಅದು ಸುತ್ತಿ ಸುತ್ತಿ ನಮ್ಮ ತಲೆಯ ಮೇಲೇ ಇಳಿದುಬಂತು. ಕಾವಲಿನವನು ಗದರಿಸಿದ. ಅಕ್ಕ ನಕ್ಕಳು. ಅವಳು ಯಾವುದಕ್ಕೂ ನಗುವವಳೇ. ‘ಈಕಿ ನಕ್ಕೋತನ ಹುಟ್ಟ್ಯಾಳ’ ಎಂದು ಅವ್ವ ಹೇಳುತ್ತಿದ್ದಳು. ನಾನೂ ಹಾಗೇ ತಿಳಿದಿದ್ದೆ.

2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ಅಕ್ಕ ಹೋಗಿಬಿಟ್ಟಳು. ಮಣ್ಣಿಗೆ ಹತ್ತು ಜನ ಸೇರಲಿಲ್ಲ. ಹಾಡೂ ಆಗಲಿಲ್ಲ. ಅವತ್ತಿನಿಂದ ನನ್ನ ಗಂಟಲು ಕಟ್ಟಿತು. ಭಾನುವಾರ ತಪ್ಪದೆ ಗುಡಿಗೆ ಹೋಗುತ್ತಿದ್ದೆ, ಹಾಡಿನ ಪುಸ್ತಕ ಹಿಡಿದು ಎಲ್ಲರ ಜೊತೆ ನಿಲ್ಲುತ್ತಿದ್ದೆ, ತುಟಿ ಆಡಿಸುತ್ತಿದ್ದೆ. ದನಿ ಮಾತ್ರ ಹೊರಡುತ್ತಿರಲಿಲ್ಲ. ಪಕ್ಕದವರಿಗೆ ಗೊತ್ತಾಗುತ್ತಿರಲಿಲ್ಲ, ದೇವರಿಗೆ ಗೊತ್ತಾಗುತ್ತಿತ್ತು. ಬಬಲೇಶ್ವರದ ಬಸ್ಸಿನ ಬೋರ್ಡು ಕಂಡರೂ ಮುಖ ತಿರುಗಿಸುತ್ತಿದ್ದೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಅಕ್ಕನಿಗೆ ಒಬ್ಬಳೇ ಮಗಳು. 2023ರ ಡಿಸೆಂಬರಿನಲ್ಲಿ ಅವಳಿಗೆ ಹೆರಿಗೆಯಾಯಿತು, ಗಂಡುಮಗು. ತಾಯಿ ಇಲ್ಲದ ಹುಡುಗಿಯ ಬಾಣಂತನ ಯಾರು ಮಾಡಬೇಕು? ಚಿಗವ್ವನಾದ ನಾನೇ ಅಲ್ಲವೇ? ‘ಮೊಣಕಾಲು ನೋವು’ ಎಂದು ನೆಪ ಹೇಳಿ ನಾನು ಹೋಗಲಿಲ್ಲ. ಆ ಮನೆಯ ಹೊಸ್ತಿಲು ದಾಟುವ ಧೈರ್ಯ ನನಗಿರಲಿಲ್ಲ. ಅವಳ ಅತ್ತೆಯೇ ಬೀಗರ ಮನೆಗೆ ಬಂದು ಇದ್ದು ಎರೆದು ಹೋದರು. ನಾಚಿಕೆಯ ಮಾತು. ಮೂರು ತಿಂಗಳಾದ ಮೇಲೆ ಹುಡುಗಿ ಫೋನ್ ಮಾಡಿದಳು.

“ಚಿಗವ್ವ, ಈಸ್ಟರ್ ಆದಮ್ಯಾಲೆ ಕೂಸಿನ ದೀಕ್ಷಾಸ್ನಾನ ಇಟ್ಟೀವಿ. ಅವ್ವ ಇದ್ದಿದ್ರ ಹಾಡತಿದ್ದಳು. ಈಗ ನೀನರೆ ಹಾಡಬೇಕು.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ಮರುದಿನವೇ ಬಸ್‌ಸ್ಟ್ಯಾಂಡಿಗೆ ಹೊರಟೆ.

ಬಬಲೇಶ್ವರ ನಮ್ಮೂರಿನಿಂದ ಜಮಖಂಡಿ ರಸ್ತೆಯಲ್ಲಿ ಸುಮಾರು 25 ಕಿ.ಮೀ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದ್ದರಿಂದ ಸೊನ್ನೆ ರೂಪಾಯಿಯ ಟಿಕೆಟ್. ಬಸ್ಸಿನ ತುಂಬ ನಮ್ಮಂಥ ಹೆಂಗಸರೇ! ತವರಿಗೆ ಹೊರಟವರು, ದವಾಖಾನೆಯಿಂದ ಮರಳುವವರು, ಸಂತೆಯ ಚೀಲದವರು. ಊರು ದಾಟಿದರೆ ಸಾಕು, ಎರಡೂ ಬದಿಗೆ ಎರೆಭೂಮಿ. ಬಿಳಿಜೋಳ ಕೊಯ್ದು ಮುಗಿದಿತ್ತು. ಕಣಕಿಯ ಬಣವೆಗಳು ಅಲ್ಲಲ್ಲಿ ನಿಂತಿದ್ದವು. 2023ರಲ್ಲಿ ಮಳೆ ಕೈಕೊಟ್ಟ ವರ್ಷ. ಭೂಮಿ ಕಾಲು ತೂರುವಷ್ಟು ಬಿರುಕುಬಿಟ್ಟಿತ್ತು. ‘ನನ್ನ ಮನಸ್ಸೂ ಹೀಗೇ ಆಗಿದೆ’ ಎಂದುಕೊಂಡು ಕಿಟಕಿಗೆ ತಲೆಯಿಟ್ಟು ಕೂತೆ.

ಬಬಲೇಶ್ವರ ಈಗ ತಾಲ್ಲೂಕು ಕೇಂದ್ರ. ಅಂಗಡಿ ಸಾಲು ಬೆಳೆದಿದೆ, ಓಣಿ ಮಾತ್ರ ಹಾಗೇ ಇದೆ. ಬಾಗಿಲಲ್ಲಿ ಮಲ್ಲಿಗೆ ಬಳ್ಳಿ. ಹುಡುಗಿ ಕೂಸನ್ನು ಎತ್ತಿಕೊಂಡೇ ಬಂದಳು.

“ಬಾ ಚಿಗವ್ವ, ಒಳಗ ಬಾ,” ಎಂದವಳೇ ಕೂಸನ್ನು ನನ್ನ ತೋಳಿಗೆ ಹಾಕಿ ನೀರು ತರಲು ಹೋದಳು. ಅಳಬೇಕೆಂದುಕೊಂಡಿದ್ದೆ; ಕೂಸು ನನ್ನ ಸೆರಗು ಒದ್ದೆ ಮಾಡಿ, ಅಳುವುದಕ್ಕೂ ಪುರಸೊತ್ತು ಕೊಡಲಿಲ್ಲ!

ಮಧ್ಯಾಹ್ನ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ ಊಟವಾಯಿತು. ಕೂಸು ಮಲಗಿತು. ಆಗ ಹುಡುಗಿ ಕಪಾಟಿನಿಂದ ನಾಲ್ಕಾರು ಉದ್ದನೆಯ ನೋಟುಬುಕ್ಕು ತಂದು ನನ್ನ ಮುಂದಿಟ್ಟಳು. ಅಕ್ಕನ ಮನೆಖರ್ಚಿನ ಲೆಕ್ಕದ ಪುಸ್ತಕಗಳು. ನಾವೆಲ್ಲ ಬರೆಯುವಂಥವೇ: ಹಾಲು ಇಷ್ಟು, ಗಿರಣಿಗೆ ಇಷ್ಟು, ಸಕ್ಕರೆ, ಸಾಬೂನು, ಮಗಳ ಶಾಲೆಯ ಫೀ. ಬಲಬದಿಗೆ ಖರ್ಚು, ಎಡಬದಿಗೆ ಜಮಾ. ಒಂದು ಮಾಸ್ತರಿಕೆಯ ಸಂಬಳದ ಮನೆಯಲ್ಲಿ ಜಮಾ ಅಂದರೆ ತಿಂಗಳಿಗೊಂದೇ ಸಾಲು. ಉಳಿದ 29 ದಿನ ಆ ಬದಿ ಖಾಲಿ ಇರಬೇಕಾದದ್ದು. ಅಕ್ಕನ ಪುಸ್ತಕದಲ್ಲಿ ಅದು ಖಾಲಿ ಇರಲಿಲ್ಲ!

‘ಜಮಾ: ನಳಾ ಎರಡು ತಾಸು ಬಂತು. ಎಲ್ಲಾ ಕೊಡಾ ತುಂಬಿದವು.’

‘ಜಮಾ: ಬಾಜೂ ಮನಿ ಅಜ್ಜಿ ಒಂದು ಮಡಿಲು ಹುಣಸಿಕಾಯಿ ಕೊಟ್ಟಳು.’

‘ಜಮಾ: ಭಾಳ ಸಿಟ್ಟು ಬಂದಿತ್ತು. ಬಾಯಿ ಬಿಡಲಿಲ್ಲ. ದೇವರ ದಯಾ.’

‘ಜಮಾ: ತಂಗಿ ಬಂದಿದ್ದಳು. ಕೂಡಿ ಹಾಡಿದಿವಿ.’

ದಿನಕ್ಕೊಂದು ಸಾಲು. ಒಂದೇ. ಪ್ರತಿ ತಿಂಗಳ ತಲೆಯಲ್ಲಿ ಸತ್ಯವೇದದ ಒಂದು ಅಧ್ಯಾಯದ ಗುರುತು. ಒಂದರ ಮೇಲೆ ‘ಫಿಲಿಪ್ಪಿ’ ಎಂದಿತ್ತು. ಅದು ಅಪೊಸ್ತಲ ಪೌಲನು ಸೆರೆಮನೆಯಿಂದ ಬರೆದ ಪತ್ರ. ಚಿಕ್ಕ ಪತ್ರ, ಆದರೆ ಸಂತೋಷದ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಇನ್ನೊಂದರ ಮೇಲೆ ‘ಹಬಕ್ಕೂಕ 3’ ಎಂದಿತ್ತು. ಅದು ನನಗೆ ಚಟ್ಟನೆ ನೆನಪಾಗಲಿಲ್ಲ. ಆಮೇಲೆ ನೋಡೋಣವೆಂದು ಸೆರಗಿಗೆ ಗಂಟು ಹಾಕಿಕೊಂಡೆ.

‘ಹೀಗೆ ಬರೆಯುವುದು ನಗುಮುಖದವರಿಗೆ ಸುಲಭ’ ಎಂದು ನಿಮಗನ್ನಿಸಬಹುದು. ನನಗೂ ಅನ್ನಿಸಿತು. ಅದಕ್ಕೇ 2016ರ ಪುಸ್ತಕ ಹುಡುಕಿದೆ, ನಮ್ಮವ್ವ ತೀರಿಕೊಂಡ ವರ್ಷದ್ದು. ಅವ್ವ ಹೋದ ದಿನದ ಎದುರಿಗೆ ಅಕ್ಕನ ಅಕ್ಷರದಲ್ಲಿ ಹೀಗಿತ್ತು: ‘ಇವತ್ತ ಜಮಾ ಇಲ್ಲ.’ ಮರುದಿನ: ‘ಇವತ್ತೂ ಇಲ್ಲ.’ ಹೀಗೆ ಹನ್ನೊಂದು ದಿನ. ಹನ್ನೆರಡನೆಯ ದಿನ: ‘ಒಂದ ನಿದ್ದಿ ಆತು.’

ಅಕ್ಕ ಹನ್ನೊಂದು ದಿನ ನಗಲಿಲ್ಲ, ನಗುವ ನಾಟಕವನ್ನೂ ಮಾಡಲಿಲ್ಲ. ಆದರೆ ಹನ್ನೊಂದು ದಿನವೂ ಪುಸ್ತಕ ತೆರೆದಿದ್ದಳು! ಇಲ್ಲ ಎಂದು ಬರೆಯುವುದಕ್ಕಾದರೂ ತೆರೆದಿದ್ದಳು. ನಾನು? ಮೂರು ವರ್ಷ ಪುಸ್ತಕವನ್ನೇ ಮುಚ್ಚಿಟ್ಟಿದ್ದೆ.

ಕೊನೆಯ ಪುಟ 2021ರ ಮೇ ತಿಂಗಳದ್ದು, ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿಯದು. ಅಕ್ಷರ ನಡುಗಿತ್ತು. ‘ಜಮಾ: ಮೂಗಿಗೆ ವಾಸನಿ ಇಲ್ಲ. ಮಲ್ಲಿಗಿ ಅರಳ್ಯಾವ ಅಂತ ಮಗಳು ಹೇಳಿದಳು.’

ಅವತ್ತು ನಾನೂ ಹುಡುಗಿಯೂ ಅತ್ತೆವು. ಮೂರು ವರ್ಷಕ್ಕಾಗುವಷ್ಟು ಅತ್ತೆವು. ಭಾವ ಹೊರಗೆ ಕಟ್ಟೆಯ ಮೇಲೆ ಕೂತಿದ್ದವರು ಒಳಗೆ ಬಂದು, ಏನೂ ಅನ್ನದೆ ತಾವೇ ಚಹಾ ಮಾಡಿ ಇಬ್ಬರ ಮುಂದೆಯೂ ಇಟ್ಟರು. ರಾತ್ರಿ ಮನೆಪ್ರಾರ್ಥನೆಯಲ್ಲಿ ಹುಡುಗಿ ಹಾಡಿದಳು. ನಾನು ಹಾಡಲಿಲ್ಲ. ಆದರೆ ಕೇಳಿದೆ. ಅದೇ ದೊಡ್ಡದು.

ಮರುದಿನ ಊರಿಗೆ ಹಿಂತಿರುಗಬೇಕು. ತಿಕೋಟಾದಲ್ಲಿ ನನ್ನ ಹೈಸ್ಕೂಲಿನ ಗೆಳತಿ ಇದ್ದಾಳೆ, ಲಿಂಗಾಯತರ ಮನೆಗೆ ಸೊಸೆಯಾದವಳು, ದ್ರಾಕ್ಷಿ ತೋಟದವಳು. ‘ಇಷ್ಟು ದೂರ ಬಂದು ನನ್ನ ಮನಿಗೆ ಬರದ ಹ್ವಾದರ ಮಾತ ಬಿಡತೇನಿ’ ಎಂದು ಫೋನಿನಲ್ಲಿ ಹೆದರಿಸಿದಳು. ಭಾವ ತಮ್ಮ ಸ್ಕೂಟರಿನಲ್ಲಿ ಒಳದಾರಿಯಿಂದ ಅಲ್ಲಿಗೆ ಬಿಟ್ಟುಬಂದರು.

ತಿಕೋಟಾ ನಮ್ಮೂರಿನಿಂದ ಅಥಣಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಹಾಜಿಮಸ್ತಾನರ ದರ್ಗಾದ ಊರು. ಅದೂ ಈಗ ತಾಲ್ಲೂಕು ಕೇಂದ್ರ. ಊರು ಸಮೀಪಿಸಿದಂತೆ ಬಣ್ಣವೇ ಬೇರೆಯಾಗುತ್ತದೆ. ಬಿರುಕುಬಿಟ್ಟ ನೆಲದ ನಡುವೆ ಹಸಿರು ಚಪ್ಪರ! ಕರ್ನಾಟಕದಲ್ಲಿ ದ್ರಾಕ್ಷಿ ಎಂದರೆ ಮೊದಲು ಹೆಸರು ಬರುವುದು ನಮ್ಮ ಜಿಲ್ಲೆಯದು, ಜಿಲ್ಲೆಯಲ್ಲಿ ಈ ಭಾಗದ್ದು. ಬೋರ್‌ವೆಲ್ಲು, ಕೃಷಿಹೊಂಡ, ಟ್ಯಾಂಕರು, ಎಲ್ಲೆಲ್ಲಿಂದಲೋ ನೀರು ತಂದು ಹನಿಹನಿಯಾಗಿ ಬಿಟ್ಟು ಬದುಕಿಸಿದ ತೋಟಗಳು.

“ಯಾಕವಾ, ಇಷ್ಟ ದಿನಾ ಈ ಕಡಿ ಹಾಯಲಿಲ್ಲ?” ಎಂದು ಗೆಳತಿಯ ಅತ್ತೆಯವರು ಕೇಳಿದರು. ಉತ್ತರಕ್ಕೆ ಕಾಯದೆ, “ಇರಲಿ, ಬಂದೆಲಾ,” ಎಂದು ಮಜ್ಜಿಗೆ ಕೊಟ್ಟರು.

ಗೆಳತಿ ನನ್ನನ್ನು ಒಣದ್ರಾಕ್ಷಿ ಶೆಡ್ಡಿಗೆ ಕರೆದೊಯ್ದಳು. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಎನ್ನುತ್ತಾರೆ. ಪೇಟೆಯಲ್ಲಿ ಪಾವು ಕಿಲೋ ತಂದು ಪಾಯಸಕ್ಕೆ ಹಾಕುವ ನಮಗೆ ಅದರ ಹಿಂದಿನ ದುಡಿಮೆ ಎಲ್ಲಿ ಗೊತ್ತು? ಹಣ್ಣಾದ ಗೊನೆಗಳನ್ನು ಮೊದಲು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಹಣ್ಣಿನ ಸಿಪ್ಪೆಯ ಮೇಲೆ ತೆಳುವಾದ ಮೇಣ ಇರುತ್ತದೆಯಲ್ಲ, ಅದು ಸಡಿಲಾದರೆ ಒಳಗಿನ ನೀರು ಬೇಗ ಹೊರಗೆ ಹೋಗುತ್ತದೆ. ಆಮೇಲೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಮೇಲೆ ನೆರಳು, ಸುತ್ತ ಗಾಳಿ. ನೇರ ಬಿಸಿಲು ಬಿದ್ದರೆ ಬಣ್ಣ ಕೆಡುತ್ತದೆ. ಹದಿನೈದು ದಿನದ ಹೊತ್ತಿಗೆ ಒಣಗುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ತೊಟ್ಟು ಬಿಡಿಸಿ, ಆರಿಸಿ, ಬಣ್ಣ ನೋಡಿ ಬೇರೆ ಬೇರೆ ಮಾಡುವುದು ಹೆಚ್ಚಾಗಿ ಹೆಂಗಸರ ಕೈ.

ನಾನು ಒಂದು ಹಸಿ ಹಣ್ಣು, ಒಂದು ಮಣೂಕ ಬಾಯಿಗೆ ಹಾಕಿಕೊಂಡು, “ಇದರ ಸವಿ ಹೆಚ್ಚು ಅದ ನೋಡು,” ಎಂದು ಮಣೂಕ ತೋರಿಸಿದೆ. ಗೆಳತಿ ನಕ್ಕಳು.

“ಹಸಿ ಹಣ್ಣು ನಾಕ ದಿನದ್ದವಾ. ಮಣೂಕ ವರ್ಷಗಟ್ಟಲೆ ಇರತೈತಿ. ಆದ್ರ ದ್ರಾಕ್ಷಿ ತಾನಾಗೇ ಮಣೂಕ ಆಗೂದಿಲ್ಲ. ಹಂಗ ಬಿಟ್ರ ಕೊಳಿತೈತಿ. ದಿನಾ ಕೈ ಆಡಿಸಬೇಕು.”

ಅವಳು ಮಣೂಕದ ಮಾತು ಹೇಳಿದಳು. ನನಗೆ ಅಕ್ಕನ ಪುಸ್ತಕ ಕಂಡಿತು. ಮದುವೆ, ಹಬ್ಬ, ಹೊಸ ಸೀರೆ, ಮಗ ಪಾಸಾದದ್ದು ಎಲ್ಲ ಹಸಿ ದ್ರಾಕ್ಷಿಯ ಸಂತೋಷ. ರಸಭರಿತ, ನಿಜ, ನಾಲ್ಕು ದಿನ. ವರ್ಷಕ್ಕೆ ಬೇಕಾದದ್ದನ್ನು ಒಣಗಿಸಿ ಇಟ್ಟುಕೊಳ್ಳಬೇಕು. ದಿನಾ ಕೈ ಆಡಿಸಬೇಕು. ಅಕ್ಕ ನಗುತ್ತ ಹುಟ್ಟಿದವಳಲ್ಲ. ದಿನಾ ಕೈ ಆಡಿಸಿದವಳು!

ಗೆಳತಿಗೂ ಕಷ್ಟ ತಪ್ಪಿದ್ದಲ್ಲ. ಅದರ ಹಿಂದಿನ ವರ್ಷ ಇದೇ ಶೆಡ್ಡಿನಲ್ಲಿ ಹಣ್ಣು ಒಣಗಲು ಹಾಕಿದಾಗ ಅಕಾಲದ ಮಳೆ ಹೊಡೆದು ಅರ್ಧಕ್ಕರ್ಧ ಕಪ್ಪಾಗಿ ಹೋಯಿತಂತೆ. ಸಾಲ ಇನ್ನೂ ತೀರಿರಲಿಲ್ಲ. “ಅವತ್ತ ಏನ ಮಾಡಿದಿ?” ಎಂದು ಕೇಳಿದೆ.

“ಅತ್ತೆ. ಮತ್ತ ಏನ ಮಾಡಲಿ? ಆಮ್ಯಾಲೆ ಏಪ್ರಿಲ್ ಬಂತು, ಚಾಟ್ನಿ ಮಾಡಬೇಕಾತು. ಮಾಡಿದಿವಿ.”

ಚಾಟ್ನಿ ಎಂದರೆ ಬಳ್ಳಿ ಕತ್ತರಿಸುವುದು. ದ್ರಾಕ್ಷಿಗೆ ನಮ್ಮ ಕಡೆ ವರ್ಷಕ್ಕೆ ಎರಡು ಚಾಟ್ನಿ, ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು. ಏಪ್ರಿಲ್ ಚಾಟ್ನಿ ಮಾಡಿದ ದಿನ ತೋಟ ನೋಡಲಾಗುವುದಿಲ್ಲವಂತೆ. ಎಲ್ಲ ಬೋಳು, ಬರೀ ಕಡ್ಡಿ. ಆದರೆ ಮುಂದಿನ ಫಲ ನಿಲ್ಲುವುದೇ ಆಗ. ಆ ಬೇಸಿಗೆಯಲ್ಲಿ ಹೊರಡುವ ಹೊಸ ಕಡ್ಡಿಯ ಕಣ್ಣಿನೊಳಗೆ, ಹೊರಗೆ ಏನೂ ಕಾಣದಂತೆ, ಗೊನೆಯ ಮೊಗ್ಗು ಕೂಡಿಕೊಳ್ಳುತ್ತದೆ. ಅಕ್ಟೋಬರ್‌ನಲ್ಲಿ ಮತ್ತೆ ಕತ್ತರಿಸಿದಾಗ ಅದು ಚಿಗುರಿ ಹೊರಬರುತ್ತದೆ. ‘ಏಪ್ರಿಲ್ ತಪ್ಪಿಸಿದ್ರ ಅಕ್ಟೋಬರ್‌ನಾಗ ಕಾಯಿ ಎಲ್ಲಿಂದ?’ ಎಂದಳು ಗೆಳತಿ.

ಯೇಸುಸ್ವಾಮಿ ತನ್ನನ್ನು ದ್ರಾಕ್ಷಿಬಳ್ಳಿಗೂ ಶಿಷ್ಯರನ್ನು ಕೊಂಬೆಗಳಿಗೂ ಹೋಲಿಸಿದ್ದು, ಫಲಕೊಡುವ ಕೊಂಬೆಯನ್ನೂ ತೋಟಗಾರ ಸವರುತ್ತಾನೆಂದದ್ದು ಭಾನುವಾರದ ಶಾಲೆಯಿಂದಲೂ ಕೇಳಿದ ಮಾತು. ಜೋಳದ ಹೊಲ ನೋಡಿ ಬೆಳೆದ ನನಗೆ ಅದು ಅರ್ಥವಾದದ್ದು ಅಂದು, ತಿಕೋಟಾದ ತೋಟದ ಬದುವಿನಲ್ಲಿ. ಒಂದು ಮಾತು ಮಾತ್ರ ಹೇಳಬೇಕು. ಅಕ್ಕನನ್ನು ದೇವರು ನನ್ನ ಒಳ್ಳೆಯದಕ್ಕೆಂದೇ ಕತ್ತರಿಸಿದ ಎಂದು ನಾನು ಹೇಳಲಾರೆ. ಹಾಗೆ ಯಾರಿಗೂ ಹೇಳಬೇಡಿ, ನೊಂದವರಿಗಂತೂ ಬೇಡವೇ ಬೇಡ. ಬೋಳಾದ ಕಡ್ಡಿಯೂ ಸತ್ತದ್ದಲ್ಲ ಎಂಬುದಷ್ಟೇ ನನಗೆ ತಿಳಿದದ್ದು.

ಗೆಳತಿಯ ಮನೆಯಲ್ಲಿ ಸಿದ್ಧೇಶ್ವರ ಸ್ವಾಮಿಗಳ ಫೋಟೋ ಇತ್ತು. ಅವರು ಹುಟ್ಟಿದ ಬಿಜ್ಜರಗಿ ಇದೇ ತಿಕೋಟಾ ತಾಲ್ಲೂಕಿನದು. ನಮ್ಮೂರ ಜ್ಞಾನಯೋಗಾಶ್ರಮದ ಆ ಹಿರಿಯರ ಅಂಗಿಗೆ ಜೇಬೇ ಇರಲಿಲ್ಲ ಎಂಬುದು ಮಕ್ಕಳಿಗೂ ಗೊತ್ತು. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡವೆಂದರು. ತನಗೆ ಸ್ಮಾರಕ ಕಟ್ಟಬಾರದೆಂದು ಮೊದಲೇ ಬರೆದಿಟ್ಟು, 2023ರ ಜನವರಿ 2ರಂದು ಹೋದರು. “ಮುಂಜಾನೆ ಅವರ ಪ್ರವಚನ ಹಚ್ಚಿ ರೊಟ್ಟಿ ಬಡಿತೇನಿ, ದಿನಾ,” ಎಂದಳು ಗೆಳತಿ. ಅವಳ ದೇವರ ಕೋಣೆ ಬೇರೆ, ನಮ್ಮ ಗುಡಿ ಬೇರೆ. ಆದರೆ ಆ ‘ದಿನಾ’ ಎಂಬ ಮಾತು ಅಲ್ಲೂ ಇತ್ತು, ಅಕ್ಕನ ಪುಸ್ತಕದಲ್ಲೂ ಇತ್ತು.

ಸಂಜೆ ತಿಕೋಟಾದಿಂದ ಬಸ್ಸು ಹತ್ತಿದೆ. ಮಡಿಲಲ್ಲಿ ಎರಡು ಕಿಲೋ ಮಣೂಕ. ಸೆರಗಿನ ಗಂಟು ನೆನಪಾಗಿ ಚೀಲದ ಸತ್ಯವೇದ ತೆಗೆದು ಹಬಕ್ಕೂಕನ 3ನೆಯ ಅಧ್ಯಾಯ ನೋಡಿದೆ. ತೋಟದಲ್ಲಿ ಹಣ್ಣಿಲ್ಲ, ಹೊಲದಲ್ಲಿ ಕಾಳಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ. ಆದರೂ ದೇವರಲ್ಲಿ ಹಿಗ್ಗುತ್ತೇನೆಂದು ಹಟ ಹಿಡಿದ ಮನುಷ್ಯನ ಹಾಡು ಅದು. ಹೌದು, ಹಾಡೇ! ಹಾಗೆಂದೇ ಅಲ್ಲಿ ಬರೆದಿದೆ. ಬರಗಾಲದ ಆ ವರ್ಷ, ಬಸ್ಸಿನ ಕಿಟಕಿಯಾಚೆ ಒಣಭೂಮಿ ನೋಡುತ್ತ ಅದನ್ನು ಓದಿದಾಗ ಅಕ್ಕನೇ ಪಕ್ಕದಲ್ಲಿ ಕೂತಂತಾಯಿತು.

ಮನೆಗೆ ಬಂದ ಮೇಲೆ ನಾನು ಹಿಡಿದುಕೊಂಡ ರೂಢಿಗಳು ನಾಲ್ಕು. ದೊಡ್ಡವೇನೂ ಅಲ್ಲ, ಮನೆಗೆಲಸದ ನಡುವೆ ಹಿಡಿಸುವಂಥವೇ.

ಮೊದಲನೆಯದು, ಎದ್ದ ಕೂಡಲೇ ಫೋನ್ ಮುಟ್ಟುವುದಿಲ್ಲ. ಹಾಲು ಕಾಯುವಷ್ಟು ಹೊತ್ತು ಒಂದು ಕೀರ್ತನೆ ಓದುತ್ತೇನೆ. ಸತ್ಯವೇದದ ಕೀರ್ತನೆಗಳು 150. ಅದರಲ್ಲಿ ಸ್ತುತಿ ಎಷ್ಟಿದೆಯೋ ಗೋಳೂ ಅಷ್ಟೇ ಇದೆ. ದೇವರ ಮುಂದೆ ಅತ್ತರೆ ಅದೂ ಪ್ರಾರ್ಥನೆಯೇ.

ಎರಡನೆಯದು, ಕೆಲಸ ಮಾಡುತ್ತಲೇ ದೇವರ ಜೊತೆ ಮಾತು. 17ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಒಂದು ಮಠದ ಅಡುಗೆಮನೆಯಲ್ಲಿ ಬ್ರದರ್ ಲಾರೆನ್ಸ್ ಎಂಬುವರಿದ್ದರು. ಮೊದಲು ಸೈನಿಕ, ಗಾಯಗೊಂಡು ಕಾಲು ಕುಂಟಾದವರು. ಪಾತ್ರೆಗಳ ಸದ್ದಿನಲ್ಲೂ ದೇವರು ಹತ್ತಿರವೇ ಇದ್ದಾನೆಂದು ನಂಬಿ ನಡೆದವರು, 1691ರಲ್ಲಿ ತೀರಿಕೊಂಡರು. ಪೂಜೆಗೆ ಪುರಸೊತ್ತಿಲ್ಲ ಎನ್ನುವ ನಮಗೆ ಅವರೇ ಸರಿಯಾದ ಗುರು! ನಾನು ಒಂದೊಂದು ರೊಟ್ಟಿ ಬಡಿಯುವಾಗ ಒಬ್ಬೊಬ್ಬರ ಹೆಸರು ಹೇಳಿ ಅವರಿಗಾಗಿ ಬೇಡಿಕೊಳ್ಳುತ್ತೇನೆ. ಮನಸ್ತಾಪ ಇದ್ದವರ ಹೆಸರಿನ ರೊಟ್ಟಿ ಮೊದಮೊದಲು ಹರಿಯುತ್ತಿತ್ತು. ಈಗ ದುಂಡಗಾಗುತ್ತದೆ.

ಮೂರನೆಯದು, ರಾತ್ರಿ ಲೆಕ್ಕದ ಪುಸ್ತಕದಲ್ಲಿ ಜಮಾ ಬದಿಗೆ ಒಂದು ಸಾಲು. ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯುವುದು. ಸುಳ್ಳು ಜಮಾ ಬರೆಯಬಾರದು, ಪುಸ್ತಕ ಮುಚ್ಚಿಡಲೂಬಾರದು.

ನಾಲ್ಕನೆಯದು, ವಾರಕ್ಕೊಮ್ಮೆ ಒಬ್ಬರ ಮನೆಗೆ ಹೋಗಿ ಬರುವುದು, ಕಾಯಿಲೆಯವರೋ ಒಂಟಿಯಾದವರೋ. ಕೈಯಲ್ಲಿ ಒಂದು ಡಬ್ಬಿ ಚಟ್ನಿಪುಡಿ ಇದ್ದರೆ ಸಾಕು. ದುಃಖದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅಂದರೆ ಒಬ್ಬಳೇ ಕೂತದ್ದು.

ನೀವು ಯಾವ ದೇವರಿಗೆ ದೀಪ ಹಚ್ಚುವವರೇ ಆಗಿರಿ, ಇವುಗಳಲ್ಲಿ ನಿಮಗೆ ಹೊಂದುವುದನ್ನು ಆರಿಸಿಕೊಳ್ಳಿ. ಆದರೆ ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡವೆನ್ನಿಸುತ್ತದೆ ಎಂದರೆ ರೂಢಿಗಳನ್ನಷ್ಟೇ ನಂಬಿ ಕೂರಬೇಡಿ. ವೈದ್ಯರ ಹತ್ತಿರ ಹೋಗಿ. 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ ಇದೆ; 14416ಕ್ಕೆ ಹಗಲು-ರಾತ್ರಿ ಯಾವಾಗ ಫೋನ್ ಮಾಡಿದರೂ ಹಣ ಬೀಳುವುದಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಜ್ವರಕ್ಕೆ ಮಾತ್ರೆ ನುಂಗಿದರೆ ಭಕ್ತಿ ಕಡಿಮೆಯಾಗುತ್ತದೆಯೇ? ಇದೂ ಹಾಗೆಯೇ.

2024ರಲ್ಲಿ ಈಸ್ಟರ್ ಬಂದದ್ದು ಮಾರ್ಚ್ 31ಕ್ಕೆ. ಇನ್ನೂ ಕತ್ತಲಿದ್ದಾಗಲೇ ಗುಡಿಗೆ ಹೋದೆವು. ಹಾಡು ಶುರುವಾಯಿತು. ಮೊದಲ ಸಾಲಿಗೆ ನನ್ನ ತುಟಿ ಮಾತ್ರ ಆಡಿತು. ಎರಡನೆಯ ಸಾಲಿಗೆ ಏನೋ ಗೊಗ್ಗರು ದನಿ ಬಂತು, ತುಕ್ಕು ಹಿಡಿದ ಬಾಗಿಲ ತೆಗೆದ ಹಾಗೆ. ಪಕ್ಕದಾಕೆ ತಿರುಗಿ ನೋಡಿದರು. ನಾನು ನಿಲ್ಲಿಸಲಿಲ್ಲ.

ಒಂದು ವಾರಕ್ಕೆ, ಏಪ್ರಿಲ್ 7ರಂದು, ನಮ್ಮೂರ ಗುಡಿಯಲ್ಲೇ ಕೂಸಿನ ದೀಕ್ಷಾಸ್ನಾನ ಆಯಿತು. ಅಯ್ಯನವರು ತಲೆಗೆ ನೀರು ಹಾಕಿದಾಗ ಕೂಸು ಕಿಟಾರನೆ ಕಿರುಚಿತು. ಆ ಗದ್ದಲದಲ್ಲೇ ನಾನು ಹಾಡಿದೆ. ಅಕ್ಕನಂತೆ ಹಾಡಲಿಲ್ಲ, ಮಧ್ಯದಲ್ಲಿ ಒಮ್ಮೆ ಗಂಟಲು ಕಟ್ಟಿತು, ಹುಡುಗಿ ಬಂದು ಪಕ್ಕದಲ್ಲಿ ನಿಂತು ದನಿ ಕೂಡಿಸಿದಳು. ಮುಗಿಸಿದೆವು. ಆಮೇಲೆ ತಿಕೋಟಾದ ಮಣೂಕ ಹಾಕಿದ ಶಾವಿಗೆ ಪಾಯಸ ಎಲ್ಲರಿಗೂ ಹಂಚಿದೆವು.

ಆ ರಾತ್ರಿ ನನ್ನ ಪುಸ್ತಕದಲ್ಲಿ ಬಲಬದಿಗೆ ಬರೆದೆ: ಹಾಲು ಐದು ಲೀಟರ್, ಶಾವಿಗೆ, ಸಕ್ಕರೆ, ಗೋಡಂಬಿ, ಆಟೋ ಬಾಡಿಗೆ.

ಎಡಬದಿಗೆ ಬರೆದೆ: ‘ಜಮಾ: ಕೂಡಿ ಹಾಡಿದಿವಿ.’